ಗಣಕಯಂತ್ರದ ನಿದ್ರೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

1

ಕೆಲಸವಿಲ್ಲದ ಹೊತ್ತಿನಲ್ಲಿ ಗಣಕಯಂತ್ರವು ತಾನಾಗಿಯೇ ನಿದ್ರೆಹೋಗುವಂತೆ ಏರ್ಪಡಿಸುವುದು ಇಂದು ಕಾಲೇಜಿನ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಈ ಸಣ್ಣ ಏರ್ಪಾಡಿಗೂ ಒಂದು ಚರಿತ್ರೆಯುಂಟೆಂಬುದನ್ನು ಬಲ್ಲವರು ವಿರಳ. ವಿದ್ಯುತ್ತನ್ನು ಉಳಿಸಬೇಕೆಂಬುದು ಒಂದು ಗುರಿ. ವಿದ್ಯುತ್ತು ಹೋದಾಗ ಮಾಡಿದ ಕೆಲಸವನ್ನು ಉಳಿಸಬೇಕೆಂಬುದು ಮತ್ತೊಂದು. ಇವೆರಡೂ ಒಂದೇ ಅಲ್ಲ. ಎರಡನೆಯದು ಮೊದಲನೆಯದಕ್ಕಿಂತ ತಡವಾಗಿ ಈಡೇರಿತು. ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಅಂತರವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆಳಂದವು ಮಹಾರಾಷ್ಟ್ರದ ಗಡಿಗೆ ತಗುಲಿದ ತಾಲ್ಲೂಕು. ಅಫಜಲಪುರ ಮತ್ತು ಜೇವರ್ಗಿ ಭೀಮಾನದಿಯ ಆಸರೆಯವು. 1948ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿಯ ಜನರ ಮುಖ್ಯ ಆಧಾರ ಭೂಮಿ. ಭೂಮಿಗೆ ಆಧಾರ ಪಹಣಿ. ಆ ಪಹಣಿಯು ಬಹುಕಾಲ ಗ್ರಾಮಲೆಕ್ಕಿಗರ ಕೈಬರಹದ ದಫ್ತರದಲ್ಲಿದ್ದಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಗಳಿಂದಲೇ ಪ್ರತಿಗಳನ್ನು ಕೊಡಲಾರಂಭಿಸಿತು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿತು. ಹೀಗೆ ರೈತನ ಹಕ್ಕುಪತ್ರವೂ ವಿದ್ಯಾರ್ಥಿಯ ಪ್ರಬಂಧವೂ ಒಂದೇ ಬಗೆಯ ಯಂತ್ರವನ್ನು ಆಶ್ರಯಿಸಿದವು.

ಮುಚ್ಚಿಟ್ಟ ದಫ್ತರವು ಬರೆದುದನ್ನು ಮರೆಯುವುದಿಲ್ಲ. ಗಣಕಯಂತ್ರದ ಸಂಗತಿ ಬೇರೆ. ಅದರ ಡಿಸ್ಕಿನಲ್ಲಿ ಬರೆದಿಟ್ಟುದು ಉಳಿಯುವುದು. ಆದರೆ ನಡೆಯುತ್ತಿರುವ ಕೆಲಸವು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿರುವುದರಿಂದ, ವಿದ್ಯುತ್ತು ನಿಂತ ಕ್ಷಣವೇ ಅಳಿಸಿಹೋಗುವುದು. ಹಳ್ಳಿಗಾಡಿನಲ್ಲಿ ಕರೆಂಟು ಹೋಗಿ ಬರುವುದು ಯಾರಿಗೂ ಹೊಸತಲ್ಲ. 2002ರಲ್ಲಿ ಈ ಭಾಗಕ್ಕೆ ಪ್ರತ್ಯೇಕ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ಏರ್ಪಟ್ಟಿತು. ಆದರೂ ಮಳೆ ಕೈಕೊಟ್ಟ 2023ರಲ್ಲಿ ರಾಜ್ಯದಲ್ಲೆಲ್ಲ ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತನ್ನು ಕೆಲವೇ ಗಂಟೆಗಳ ಮಟ್ಟಿಗೆ ಸರದಿಯ ಮೇಲೆ ಕೊಡಬೇಕಾಯಿತು.

3

ಇನ್ನು ನಿದ್ರೆಯ ಚರಿತ್ರೆಯನ್ನು ನೋಡೋಣ. 1992ರಲ್ಲಿ ಎರಡು ಘಟನೆಗಳು ನಡೆದವು. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಎ.ಪಿ.ಎಂ. ಎಂಬ ವಿದ್ಯುನ್ನಿರ್ವಹಣೆಯ ನಿಯಮಾವಳಿಯನ್ನು ಪ್ರಕಟಿಸಿದವು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ‘ಎನರ್ಜಿ ಸ್ಟಾರ್’ ಎಂಬ ಮುದ್ರೆಯನ್ನು ಆರಂಭಿಸಿ, ಸುಮ್ಮನಿರುವಾಗ 30 ವ್ಯಾಟಿಗಿಂತ ಹೆಚ್ಚು ವಿದ್ಯುತ್ತನ್ನು ಬಳಸದ ಯಂತ್ರಗಳಿಗೆ ಅದನ್ನು ಕೊಡಲು ತೊಡಗಿತು. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಅಲ್ಲಿಯ ಸರ್ಕಾರಿ ಕಚೇರಿಗಳು ಇಂತಹ ಯಂತ್ರಗಳನ್ನೇ ಕೊಳ್ಳಬೇಕಾಯಿತು. ಈ ಪ್ರಯತ್ನಗಳ ಗುರಿ ಮಿತವ್ಯಯ. ವಿದ್ಯುತ್ತು ಸದಾ ಹರಿಯುತ್ತಿರುವುದೆಂಬುದು ಅವುಗಳ ಹಿಂದಿನ ಮೌನವಾದ ನಂಬಿಕೆ ಎಂದು ನಾವು ಭಾವಿಸುತ್ತೇವೆ.

ಎ.ಪಿ.ಎಂ. ಪದ್ಧತಿಯಲ್ಲಿ ನಿದ್ರೆಯ ಅಧಿಕಾರವು ಬಹುಮಟ್ಟಿಗೆ ಯಂತ್ರದೊಳಗಿನ ಬಯಾಸ್‌ನದಾಗಿದ್ದಿತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಹೊರತಂದ ಎ.ಸಿ.ಪಿ.ಐ. ನಿಯಮಾವಳಿಯು ಆ ಅಧಿಕಾರವನ್ನು ಕಾರ್ಯಾಚರಣಾ ವ್ಯವಸ್ಥೆಗೆ ವಹಿಸಿತು. ಬಳಕೆದಾರನು ಪರದೆಯ ಮೇಲೆಯೇ ನಿದ್ರೆಯ ಹೊತ್ತನ್ನು ಗೊತ್ತುಮಾಡಲು ಸಾಧ್ಯವಾದುದರ ಹಿಂದೆ ಈ ಹಸ್ತಾಂತರವಿದೆ. ನಿದ್ರೆಯ ಅವಸ್ಥೆಗಳನ್ನೂ ಅದು ಎಣಿಸಿ ಹೆಸರಿಸಿತು. ಅವುಗಳಲ್ಲಿ ನಮಗೆ ಮುಖ್ಯವಾದವು ಎರಡು. ಎಸ್-3 ಎಂಬ ಅವಸ್ಥೆಯಲ್ಲಿ ಉಳಿದೆಲ್ಲ ಭಾಗಗಳು ಬಹುಮಟ್ಟಿಗೆ ಆರಿ, ರ‍್ಯಾಮಿಗೆ ಮಾತ್ರ ಅಲ್ಪ ವಿದ್ಯುತ್ತು ಹರಿಯುವುದು. ಇದನ್ನು ಲಘುನಿದ್ರೆ ಎನ್ನೋಣ. ಎಸ್-4 ಎಂಬುದರಲ್ಲಿ ಸ್ಮೃತಿಯ ಸರ್ವಸ್ವವೂ ಡಿಸ್ಕಿಗೆ ಬರೆಯಲ್ಪಟ್ಟು ಯಂತ್ರವು ಪೂರ್ಣವಾಗಿ ಆರುವುದು. ಹೈಬರ್ನೇಟ್ ಎಂದು ಹೆಸರಾದ ಇದನ್ನು ದೀರ್ಘನಿದ್ರೆ ಎನ್ನೋಣ. ಲಘುನಿದ್ರೆಯಿಂದ ಕ್ಷಣಮಾತ್ರದಲ್ಲಿ ಎಚ್ಚರಬಹುದು. ಆದರೆ ನಡುವೆ ಕರೆಂಟು ಹೋದರೆ ಎಲ್ಲವೂ ನಷ್ಟ. ದೀರ್ಘನಿದ್ರೆ ನಿಧಾನ, ಆದರೆ ಕರೆಂಟು ದಿನವೆಲ್ಲ ಬಾರದಿದ್ದರೂ ಕೆಲಸವು ಕ್ಷೇಮ.

2000ದಲ್ಲಿ ಬಂದ ವಿಂಡೋಸ್ 2000 ದೀರ್ಘನಿದ್ರೆಯನ್ನು ತನ್ನಲ್ಲಿಯೇ ಅಳವಡಿಸಿಕೊಂಡಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾ ಎರಡನ್ನೂ ಕೂಡಿಸಿ ಮಿಶ್ರನಿದ್ರೆಯನ್ನು ತಂದಿತು: ಯಂತ್ರವು ಡಿಸ್ಕಿಗೂ ಬರೆದಿಟ್ಟು ರ‍್ಯಾಮಿನಲ್ಲಿಯೂ ಉಳಿಸಿಕೊಂಡು ಮಲಗುವುದು. ಕರೆಂಟಿದ್ದರೆ ಬೇಗನೆ ಏಳುವುದು. ಹೋಗಿದ್ದರೆ ಡಿಸ್ಕಿನಿಂದ ಏಳುವುದು. ಎರಡನೆಯ ಗುರಿಯು ಮೊದಲನೆಯದರೊಡನೆ ಕೂಡಿದುದು ಇಲ್ಲಿಯೇ. ಆದರೆ 2012ರ ವಿಂಡೋಸ್ 8ರಿಂದ ಚರಿತ್ರೆಯು ಮತ್ತೊಂದು ತಿರುವು ಪಡೆಯಿತು. ಮೊಬೈಲಿನಂತೆ ಅರೆ ಎಚ್ಚರದಲ್ಲಿರುವ ಹೊಸಬಗೆಯ ನಿದ್ರೆ ಬಂದಿತು. ಇದನ್ನು ಅನುಸರಿಸುವ ಯಂತ್ರಗಳಲ್ಲಿ ಎಸ್-3 ಸಾಮಾನ್ಯವಾಗಿ ದೊರೆಯದು. ಅದರೊಡನೆ ಮಿಶ್ರನಿದ್ರೆಯೂ ಇಲ್ಲವಾಗುವುದು.

4

ಈ ಚರಿತ್ರೆಯಿಂದ ಹೊರಡುವ ತೀರ್ಮಾನಗಳು ಸ್ಪಷ್ಟವಾಗಿವೆ. ಪರದೆಯನ್ನು ಕೆಲವು ನಿಮಿಷಗಳಲ್ಲಿ ಆರಿಸುವುದರಿಂದ ಯಾವ ಅಪಾಯವೂ ಇಲ್ಲದೆ ಉಳಿತಾಯವಾಗುವುದು. ಸ್ಕ್ರೀನ್ ಸೇವರಿನಿಂದ ಆಗದು, ಏಕೆಂದರೆ ಅದು ಹುಟ್ಟಿದುದು ಹಳೆಯ ಪರದೆಗಳ ಫಾಸ್ಫರ್ ಲೇಪವನ್ನು ಕಾಪಾಡುವುದಕ್ಕೆ. ಬ್ಯಾಟರಿಯಿಲ್ಲದ ಮೇಜಿನ ಯಂತ್ರದಲ್ಲಿ ಮಿಶ್ರನಿದ್ರೆಯಿದ್ದಲ್ಲಿ ಅದನ್ನೂ, ಇಲ್ಲದಿದ್ದಲ್ಲಿ ದೀರ್ಘನಿದ್ರೆಯನ್ನೂ ಆರಿಸತಕ್ಕದ್ದು.

ಇನ್ವರ್ಟರಿನ ವಿಷಯವು ವಿಶೇಷವಾಗಿ ಗಮನಿಸತಕ್ಕದ್ದು. ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಬಳಕೆಯಲ್ಲಿರುವ ಸಾಮಾನ್ಯ ಇನ್ವರ್ಟರು ಕರೆಂಟು ಹೋದ ಸುದ್ದಿಯನ್ನು ಗಣಕಯಂತ್ರಕ್ಕೆ ತಿಳಿಸುವುದಿಲ್ಲ. ಅದರ ಬ್ಯಾಟರಿ ಬರಿದಾದೊಡನೆ ಯಂತ್ರವು ಮುನ್ಸೂಚನೆಯಿಲ್ಲದೆ ಆರುವುದು. ಯು.ಎಸ್.ಬಿ. ತಂತಿಯಿಂದ ಜೋಡಿಸಬಲ್ಲ ಯು.ಪಿ.ಎಸ್. ಇದ್ದರೆ ವ್ಯವಸ್ಥೆಯು ಅದನ್ನು ತನ್ನ ಬ್ಯಾಟರಿಯೆಂದೇ ಗಣಿಸುವುದು. ಬ್ಯಾಟರಿ ಕೊನೆಮುಟ್ಟಿದಾಗ ದೀರ್ಘನಿದ್ರೆಗೆ ಹೋಗುವಂತೆ ಪವರ್ ಆಪ್ಷನ್ಸಿನಲ್ಲಿ ಗೊತ್ತುಮಾಡಿಡಬಹುದು.

ಮಿತವ್ಯಯದ ಗುರಿಯಿಂದ ಹುಟ್ಟಿದ ಸಾಧನವು ರಕ್ಷಣೆಯ ಸಾಧನವೂ ಆಗಲು ಸುಮಾರು 15 ವರ್ಷ ಹಿಡಿಯಿತು. ಹೊಸ ಯಂತ್ರಗಳಲ್ಲಿ ಆ ರಕ್ಷಣೆ ತಾನಾಗಿಯೇ ಒದಗುವುದೆಂಬ ಭರವಸೆಯಿಲ್ಲ. ಆದುದರಿಂದ ಆಳಂದದಲ್ಲಾಗಲಿ, ಅಫಜಲಪುರ ಜೇವರ್ಗಿಗಳಲ್ಲಾಗಲಿ, ಯಂತ್ರವು ಎಷ್ಟು ಹೊತ್ತಿಗೆ ಮಲಗಬೇಕೆಂದು ಗೊತ್ತುಮಾಡುವ ಮೊದಲು ಅದು ಯಾವ ನಿದ್ರೆಯನ್ನು ಮಲಗುವುದೆಂದು ವಿಚಾರಿಸುವುದೇ ವಿಹಿತವೆಂದು ನಮ್ಮ ಅಭಿಪ್ರಾಯ.