ಮೊದಲು ಊಟ, ಆಮೇಲೆ 'ಸಾ'

ಕೆಲವು ತಿಂಗಳಿಂದ ಶನಿವಾರ ಸಂಜೆ ನನಗೊಂದು ಹೊಸ ಕೆಲಸ ಅಂಟಿಕೊಂಡಿದೆ. ಗೆಳೆಯನ ರೂಮಿನಲ್ಲಿ ಕಂಪ್ಯೂಟರು, ಮೈಕು ಇಟ್ಟುಕೊಂಡು, ಸಂಗೀತ ಕಲಿಯುತ್ತಿರುವ ಹುಡುಗರ ಹಾಡು ರೆಕಾರ್ಡ್ ಮಾಡಿಕೊಡುವುದು. ಸ್ಪರ್ಧೆಗೋ ಕೆಲಸದ ಅರ್ಜಿಗೋ ಅವರಿಗದು ಬೇಕು. ಸಂಬಳ ಒಂದು ಲೋಟ ಕಾಫಿ, ಜೊತೆಗೆ ಅವರು ಹೇಳೋ ಕಥೆಗಳು :)

ಮೊನ್ನೆ ಬಂದವನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನು. ಕಣ್ಣು ಕಾಣಿಸುವುದಿಲ್ಲ. ಎರಡು ಹಾಡಿನ ನಡುವೆ "ಅಲ್ಲಿ ಹೇಗೆ ಕಲಿಸ್ತಾರೆ?" ಅಂತ ಕೇಳಿದೆ. "ಮೊದಲ ಉಣ್ಣಾಕ ಹಾಕ್ತಾರ್ರೀ ಸರ್, ಆಮ್ಯಾಲ 'ಸಾ' ಹೇಳಸ್ತಾರ" ಅಂದ. ನಾನು ನಕ್ಕೆ. ಮನೆಗೆ ಬಂದು ಓದುತ್ತಾ ಹೋದಾಗ ಗೊತ್ತಾಯ್ತು, ಅದು ತಮಾಷೆಯಲ್ಲ, ಆ ಆಶ್ರಮದ ಚರಿತ್ರೆಯೇ ಅಷ್ಟು.

ಪಂಚಾಕ್ಷರ ಗವಾಯಿಗಳ ಹೆಸರು ನನಗೆ ಗೊತ್ತಿದ್ದದ್ದು 1995ರ ಸಿನಿಮಾವನ್ನು ಟಿವಿಯಲ್ಲಿ ನೋಡಿ ಮಾತ್ರ. 1892ರಲ್ಲಿ ಹಾನಗಲ್ ತಾಲೂಕಿನಲ್ಲಿ ಹುಟ್ಟಿದ, ಕಣ್ಣಿಲ್ಲದ ಹುಡುಗ ಗದಿಗೆಯ್ಯ. ಅವನ ದನಿ ಕೇಳಿ ಹತ್ತಿರ ಕರೆದುಕೊಂಡವರು ಹಾನಗಲ್ ಕುಮಾರಸ್ವಾಮಿಗಳು. ಮೊದಲು ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರ ಹತ್ತಿರ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರರಿಗೂ ಗುರುಗಳಾಗಿದ್ದವರು ಇದೇ ನೀಲಕಂಠಬುವಾ.

ಕಲಿತ ಮೇಲೆ ಗವಾಯಿಗಳು ತಮ್ಮಷ್ಟಕ್ಕೆ ಕಚೇರಿ ಮಾಡಿಕೊಂಡು ಇರಬಹುದಿತ್ತು. ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಕುರುಡರು, ಬಡವರು, ಯಾರಿಗೂ ಬೇಡವಾದವರು. ಇಷ್ಟು ಹೊಟ್ಟೆ ತುಂಬಿಸುವುದು ಹೇಗೆ? ಅದಕ್ಕೊಂದು ನಾಟಕ ಕಂಪನಿಯನ್ನೂ ನಡೆಸಿದರು. ಅವರ ಗರಡಿಯಿಂದ ಬಂದವರೇ ಬಸವರಾಜ ರಾಜಗುರು.

1944ರಲ್ಲಿ ಗವಾಯಿಗಳು ತೀರಿಕೊಂಡಾಗ ಹೊರೆ ಹೊತ್ತವರು ಇನ್ನೊಬ್ಬ ಕಣ್ಣಿಲ್ಲದ ಶಿಷ್ಯ, ಪುಟ್ಟರಾಜ ಗವಾಯಿಗಳು. ಹುಟ್ಟಿದ್ದು 1914ರಲ್ಲಿ. ಹಾಡಿದರು, ವಾದ್ಯ ನುಡಿಸಿದರು, ನಾಟಕ ಬರೆದರು. ಭಕ್ತರು ಊರೂರಲ್ಲಿ ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದ ತುಲಾಭಾರ ಮಾಡಿದರು, ಆ ದುಡ್ಡು ಹುಡುಗರ ಅನ್ನವಾಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಬಳ್ಳಾರಿ ಕಡೆಯ ವೆಂಕಟೇಶ್ ಕುಮಾರರನ್ನು 1968ರಲ್ಲಿ ಅಲ್ಲಿಗೆ ಸೇರಿಸಿದವರು ತೊಗಲುಗೊಂಬೆ ಕಲಾವಿದರಾದ ಅವರ ಮಾವ ಬೆಳಗಲ್ಲು ವೀರಣ್ಣ. ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತರು.

ನಾನು ಈವರೆಗೆ ಸಂಗೀತದ ಚರಿತ್ರೆ ಅಂದರೆ ಘರಾಣೆ, ಪ್ರಶಸ್ತಿ, ದೊಡ್ಡ ಹೆಸರು ಅಂದುಕೊಂಡಿದ್ದೆ. ಯಾರು ಯಾರಿಗೆ ಅನ್ನ ಹಾಕಿದರು ಅನ್ನೋದೂ ಅದರೊಳಗೇ ಇದೆ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಆವತ್ತು ಎಡಿಟ್ ಮಾಡುವಾಗ ಹಾಡುಗಳನ್ನಷ್ಟೇ ಇಟ್ಟುಕೊಂಡು ನಡುವಿನ ಮಾತನ್ನೆಲ್ಲ 'ಗಲಾಟೆ' ಅಂತ ಅಳಿಸಿಹಾಕಿದೆ. ಅವನು ತನ್ನ ಗುರುಗಳ ಬಗ್ಗೆ ಹತ್ತು ನಿಮಿಷ ಹೇಳಿದ್ದು ಹೋಯ್ತು. ಬ್ಯಾಕಪ್ ಕೂಡ ಇಲ್ಲ, ಹೇಳಿಕೊಳ್ಳೋಕೆ ಸಾಫ್ಟ್‌ವೇರ್ ಇಂಜಿನಿಯರು ಬೇರೆ!

ಫೋನ್ ಮಾಡಿ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ್, ಮತ್ತ ಬಂದು ಹೇಳ್ತೀನಿ. ಕಾಫಿ ಚಲೋ ಇತ್ತು" ಅಂದ.

ಮುಂದಿನ ಶನಿವಾರ ಬರುತ್ತಾನೆ. ಈ ಸಲ ಮೊದಲು ಊಟ, ಆಮೇಲೆ ಮೈಕು. ಮಾತು ಶುರುವಾದಾಗ ಆಫ್ ಮಾಡಲ್ಲ.