ಸಾಮಾನ್ಯ ಸ್ಥಾನ

ಬನದ ಹುಣ್ಣಿವೆ, ಭಾರತ ಹುಣ್ಣಿವೆ ಬಂತೆಂದರೆ ನಮ್ಮ ಉಗರಗೋಳದ ರಸ್ತೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ತುಂಬಿ ಹೋಗುತ್ತದೆ. 'ಉಧೋ ಉಧೋ' ಎನ್ನುತ್ತ ಗಂಡಸರೂ ಆ ತಾಯಿಗೆ ಅಡ್ಡಬೀಳುತ್ತಾರೆ. ಇದೇ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಪಂಚಾಯತಿಯ ಕುರ್ಚಿಯಲ್ಲಿ ಕುಳಿತರೆ ಮಾತ್ರ ಊರೆಲ್ಲ ಮಾತಾಗುತ್ತಿತ್ತು.

ನಾನಿನ್ನೂ ಕಾಲೇಜು ಓದುತ್ತಿದ್ದಾಗ, 1987ರ ಜನವರಿಯಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ರಾಮಕೃಷ್ಣ ಹೆಗಡೆಯವರ ಸರಕಾರದ ಕಾಯ್ದೆ ಅದು. ಅದರ ಬೆನ್ನಿಗೆ ನಿಂತವರು, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು. ಆಗ ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಾಯಿತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಅದು ಮೂರರಲ್ಲಿ ಒಂದು ಪಾಲಾಯಿತು. ಆ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದಲ್ಲಿ ಆರಿಸಿ ಬಂದವರ ಪೈಕಿ ಹೆಂಗಸರು ಶೇಕಡಾ 40ಕ್ಕೂ ಹೆಚ್ಚು!

ಅವರಲ್ಲಿ ಒಬ್ಬಳು ನಮ್ಮ ಬಳಗದ ಅಕ್ಕ. ಅವಳ ಊರು, ಹೆಸರು ಇಲ್ಲಿ ಬೇಡ. ಗೋಡೆಯ ಮೇಲೆ ಬರೆಸಿದ್ದ ಪ್ರಚಾರದಲ್ಲಿ ಅವಳ ಹೆಸರಿಗಿಂತ ಗಂಡನ ಹೆಸರೇ ದೊಡ್ಡದಿತ್ತು. ಸಭೆಯಲ್ಲೂ ಅವನೇ ಮಾತಾಡುತ್ತಿದ್ದ, ಇವಳು ಸಹಿ ಮಾಡುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅಕ್ಕ ಠರಾವು ಪುಸ್ತಕವನ್ನು ತಾನೇ ಓದತೊಡಗಿದಳು. ಕೆಟ್ಟ ಬೋರಿಂಗು, ಆರಿದ ಬೀದಿ ದೀಪ, ಹೆಂಗಸರ ಪಾಯಖಾನೆ, ಒಂದೊಂದಕ್ಕೂ ಬೆನ್ನು ಹತ್ತಿದಳು.

ಮೀಸಲು ಸ್ಥಾನಗಳು ಸರದಿಯ ಮೇಲೆ ಬದಲಾಗುತ್ತವೆ. 2000ದಲ್ಲಿ ಅವಳ ಸ್ಥಾನ ಸಾಮಾನ್ಯವಾಯಿತು. "ಹೆಣ್ಮಕ್ಕಳ ಸೀಟು ಹೋತಲ್ಲವಾ, ಇನ್ನ ಮನ್ಯಾಗ ಆರಾಮ ಇರು" ಎಂದರು ಹಿರಿಯರು. ಅಕ್ಕ ನೆಟ್ಟಗೆ ನಮ್ಮ ಮನೆಗೆ ಬಂದಳು.

"ತಂಗೀ, ಸಾಮಾನ್ಯ ಅಂದ್ರ ಗಂಡಸರದು ಅಂತ ಬರದಾರೇನ ಕಾಯ್ದೇದಾಗ?"

ಪೌರನೀತಿ ಕಲಿಸುವ ನನಗೇ ಆ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಹಾಗೆಲ್ಲೂ ಬರೆದಿಲ್ಲ. ಸಾಮಾನ್ಯವೆಂದರೆ ಎಲ್ಲರದು. ಅವಳು ನಿಂತಳು, ಸೋತಳು. 2005ರಲ್ಲಿ ಮತ್ತೆ ಅದೇ ಸಾಮಾನ್ಯ ಸ್ಥಾನಕ್ಕೆ ನಿಂತು ಗೆದ್ದಳು. ಮೀಸಲಾತಿ ಅವಳಿಗೆ ಬಾಗಿಲು ತೆರೆಯಿತು, ನಿಜ. ಆದರೆ ಒಳಗೆ ಉಳಿಯಲು ಮನೆಮನೆಗೆ ಹೋಗಿ ತಾನು ಮಾಡಿದ ಕೆಲಸದ ಲೆಕ್ಕ ಒಪ್ಪಿಸಬೇಕಾಯಿತು.

2010ರ ಚುನಾವಣೆಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹೆಂಗಸರ ಪಾಲು ಅರ್ಧಕ್ಕೇರಿತು. 2020ರ ಡಿಸೆಂಬರಿನಲ್ಲಿ ಅವಳ ವಾರ್ಡಿನಲ್ಲಿ ಮಹಿಳೆಗೊಂದು, ಸಾಮಾನ್ಯಕ್ಕೊಂದು ಸ್ಥಾನವಿತ್ತು. ಐವತ್ತೈದು ದಾಟಿದ ಅಕ್ಕನಿಗೆ ಮೀಸಲು ಸ್ಥಾನ ಸುಲಭವೆಂದು ಎಲ್ಲರೂ ಹೇಳಿದರು. ನನಗೂ ಹಾಗೆಯೇ ಅನಿಸಿತ್ತು. ಅವಳು ಒಪ್ಪಲಿಲ್ಲ.

"ಅದರಾಗ ನಾನ ಕುಂತರ ಹೊಸಬರು ಎಲ್ಲಿಂದ ಬರಬೇಕು?" ಎಂದು ಓಣಿಯ ಎಳೆಯ ಸೊಸೆಯೊಬ್ಬಳನ್ನು ಅಲ್ಲಿ ನಿಲ್ಲಿಸಿ, ತಾನು ಸಾಮಾನ್ಯ ಸ್ಥಾನಕ್ಕೇ ಅರ್ಜಿ ಹಾಕಿದಳು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಇಬ್ಬರೂ ಕೂಡಿಯೇ ಮನೆಮನೆ ತಿರುಗಿದರು. ಸರಕಾರಿ ನೌಕರಳಾದ ನಾನು ಯಾರ ಪರವಾಗಿಯೂ ಮತ ಕೇಳುವಂತಿಲ್ಲ. ಫಲಿತಾಂಶದ ದಿನ ಫೋನಿನ ಹತ್ತಿರ ಕಾದು ಕುಳಿತಿದ್ದೆ, ಅಷ್ಟೇ.

ಸೊಸೆ ಸಲೀಸಾಗಿ ಗೆದ್ದಳು. ಅಕ್ಕ ಗೆದ್ದದ್ದು ಕೆಲವೇ ಮತಗಳಿಂದ. "ಸಾಕು ಬಿಡ ತಂಗಿ, ಲೆಕ್ಕ ಸರಿ ಬಂತು" ಎಂದು ನಕ್ಕಳು.

ಈಗ ತರಗತಿಯಲ್ಲಿ ಪಂಚಾಯತಿಯ ಪಾಠ ಬಂದಾಗ ಕರಿಹಲಗೆಯ ಮೇಲೆ 'ಸಾಮಾನ್ಯ ಸ್ಥಾನ' ಎಂದು ಬರೆದು, ಇದು ಯಾರದು ಎಂದು ಮೊದಲು ಹುಡುಗಿಯರನ್ನೇ ಕೇಳುತ್ತೇನೆ.