ಹತ್ತಿ ನಮ್ಮದು, ಗಿರಣಿ ಗೋಕಾಕ ಫಾಲ್ಸಿನದು

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಊರಿನ ರೈತರಿಗೆ ಸಂಬಂಧಪಟ್ಟ ಒಂದು ಇತಿಹಾಸದ ಲೇಖನ ಇರಲಿ ಎಂದು ಹಿರಿಯರು ಸೂಚಿಸಿದರು. ನಾವು ಹತ್ತಿ ಬೆಳೆಯುವವರು, ಹತ್ತಿಯ ಸುದ್ದಿಯನ್ನೇ ಬರೆಯುತ್ತೇವೆ.

ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೆ ನಮ್ಮ ಊರಿನದೇ ಹೆಸರು, ಸಂಪಗಾಂವ ತಾಲೂಕು. ರೇಲ್ವೆ ಬರುವ ಮುಂಚೆ ಈ ಎರಿ ಭಾಗದ ಅರಳಿ ಚಕ್ಕಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗಿ ಹಡಗ ಏರುತ್ತಿತ್ತು. ಹೀಗಾಗಿ ಮುಂಬಯಿ ವ್ಯಾಪಾರಸ್ಥರು ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರಿಟ್ಟರು. ಬೆಳೆದವರು ನಾವು, ಹೆಸರು ಬಂದರದ್ದು! 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲಂಡದ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಇಲ್ಲಿ ದರ ಗಗನಕ್ಕೇರಿತು. ಯುದ್ಧ ಮುಗಿಯಿತು, ದರವೂ ಬಿತ್ತು.

ಮುಂದೆ 20 ವರ್ಷಕ್ಕೆ ನಮ್ಮ ಜಿಲ್ಲೆಯೊಳಗೇ ಗಿರಣಿ ಬಂತು. ಗೋಕಾಕ ಹತ್ತಿರ ಘಟಪ್ರಭಾ ನದಿ ಗುಡ್ಡದ ಮೇಲಿಂದ ಸುಮಾರು 170 ಫೂಟು ಕೆಳಗೆ ಧುಮುಕುತ್ತದೆ. ದಂಡೆಗೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಅದ. ಆ ನೀರಿನ ಬಲ ನೋಡಿ 1885ರಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ಗಿರಣಿ ಸುರುವಾಯಿತು. ಮೇಲ್ಗಡೆ ಧೂಪದಾಳದ ಒಡ್ಡು 1897ರಲ್ಲಿ ಮುಗಿಯಿತು. ಬರೇ ಬಂಡೆಗಲ್ಲಿನ ಜಾಗದಾಗ ಒಂದು ಊರೇ ಎದ್ದು ನಿಂತಿತು. ನದಿಯ ಆಚೆ ದಂಡೆಯ ಕೂಲಿಕಾರರು ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ದಾಟಿ ಪಾಳಿಗೆ ಬರುತ್ತಿದ್ದರು. ಕಾಲಕೆಳಗೆ ನೀರು ಭೋರ್ಗರೆಯುತ್ತಿದ್ದರೆ ಹೊಸಬರಿಗೆ ಎದಿ ಝಲ್ಲ್ ಅನ್ನಬೇಕು.

ಇಟಲಿ ದೇಶದಲ್ಲಿಯೂ ಆಲ್ಪ್ಸ್ ಪರ್ವತದ ಬುಡಕ್ಕೆ ಬಿಯೆಲ್ಲಾ ಎಂಬ ಇಂಥದೇ ಒಂದು ಊರು ಅದ. ಅಲ್ಲಿಯೂ ಗುಡ್ಡದ ಹಳ್ಳದ ನೀರಿನ ಮೇಲೆಯೇ ಉಣ್ಣಿ ಗಿರಣಿಗಳು ಬೆಳೆದವು. ನೀರು ಬೀಳುವಲ್ಲಿ ಗಿರಣಿ, ಗಿರಣಿ ಇದ್ದಲ್ಲಿ ಊರು.

ಆದರೆ ಹಳ್ಳಿಗೆ ಏನು ಬಂತು? ಗಿರಣಿ ನೂಲು ಅಗ್ಗ ಸಿಕ್ಕ ಮೇಲೆ ನೇಕಾರರು ಕೈನೂಲು ಕೇಳುವುದು ಬಿಟ್ಟರು. ಮನಿಮನಿಯ ರಾಟಿ ಅಟ್ಟ ಸೇರಿತು. ಆ ರಾಟಿಯನ್ನು ಮತ್ತೆ ಕೆಳಗಿಳಿಸಿದವರು ನಮ್ಮ ಜಿಲ್ಲೆಯ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು. 1937ರಲ್ಲಿ ಮಹಾತ್ಮಾ ಗಾಂಧಿಯವರು ಹುದಲಿಗೆ ಬಂದು ತಂಗಿದ್ದರು. ಖಾದಿ ಗಿರಣಿಯನ್ನು ಸೋಲಿಸಲಿಲ್ಲ, ಖರೆ. ಆದರೆ ಹತ್ತಿಯ ಜೊತೆ ಕೆಲಸವೂ ಊರು ಬಿಟ್ಟು ಹೋಗಬಾರದು ಎಂಬುದನ್ನು ಹುದಲಿ ಮಾಡಿ ತೋರಿಸಿತು.

ಗಿರಣಿ ಕಟ್ಟಲಿಕ್ಕೆ ಬಂಡವಾಳಗಾರರು ಕೂಡಿದರು. ರೈತರೂ ಕೂಡಬಹುದು ಎಂದು 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ನಮ್ಮಂಥ ಸಂಘಗಳಿಗೆ ಅದೇ ತಾಯಿಬೇರು. ಆದರೂ ಬಹುತೇಕ ರೈತರು ಇನ್ನೂ ಬಿಡಿಸಿದ ಹತ್ತಿಯನ್ನು ಹಾಗೇ ತೂಗಿ ಮಾರುತ್ತೇವೆ. 100 ಕಿಲೋ ಹತ್ತಿ ಜಿನ್ ಮಾಡಿದರೆ ಅರಳಿ ಸುಮಾರು ಮೂರನೇ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಹತ್ತಿಕಾಳು. ಆ ಕಾಳೂ ಕೊಟ್ಟು ಬರುತ್ತೇವೆ, ಮತ್ತೆ ಎಮ್ಮಿಗೆಂದು ಅದನ್ನೇ ಹಿಂಡಿ ಮಾಡಿದ್ದನ್ನು ರೊಕ್ಕಾ ಕೊಟ್ಟು ತರುತ್ತೇವೆ!

ಸದಸ್ಯರ ಹತ್ತಿಯನ್ನು ಒಟ್ಟುಗೂಡಿಸಿ ಜಿನ್ ಮಾಡಿಸಿ, ಅರಳಿ ಮಾರಿ, ಕಾಳು ಊರಿಗೆ ತರುವ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯ ಮುಂದೆ ಇಡಬೇಕೆಂದಿದ್ದೇವೆ. ಸದಸ್ಯ ಬಾಂಧವರು ತಂತಮ್ಮ ಹೊಲದ ಹತ್ತಿಯ ಲೆಕ್ಕ ಹಿಡಿದುಕೊಂಡೇ ಸಭೆಗೆ ಬರಬೇಕಾಗಿ ವಿನಂತಿ.